ಒಂದೇ ಹಣ್ಣು, ಎರಡು ಕಾಯಿದೆ

ಮಲ್ಕಾಜ್‌ಗಿರಿಯ ಅಂಗಡಿಗಳಲ್ಲಿ ಗೋಡಂಬಿ ನಮಗೆ ಬಿಳಿಯ ಬೀಜವಾಗಿ ಮಾತ್ರ ಪರಿಚಿತ. ಆ ಬೀಜವು ರಸ ತುಂಬಿದ ಹಣ್ಣೊಂದರ ತುದಿಯಲ್ಲಿ ಜೋತುಬಿದ್ದಿರುವುದನ್ನು ಕಣ್ಣಾರೆ ಕಂಡವರು, ಕರಾವಳಿಯಿಂದ ಬಂದವರನ್ನು ಬಿಟ್ಟರೆ, ನಮ್ಮಲ್ಲಿ ಕಡಿಮೆ. ಗೇರುಹಣ್ಣು ಉದುರಿದ ಒಂದೆರಡು ದಿನಗಳಲ್ಲೇ ಕೆಡುವುದರಿಂದ ಅದು ದೂರದ ಪೇಟೆಗೆ ಬರಲಾರದು. ಗೋವೆಯಲ್ಲಿ ಈ ಹಣ್ಣು ಒಂದು ಮನೆತನದ ಕಸುಬಾಗಿ ಉಳಿದಿದೆ. ಗಡಿಯ ಈಚೆಗೆ, ಕಾರವಾರದಿಂದ ಕಾಸರಗೋಡಿನವರೆಗೆ, ಅದರ ಬಹುಪಾಲು ಮರದಡಿಯಲ್ಲೇ ಕೊಳೆಯುತ್ತದೆ. ಮಣ್ಣು ಒಂದೇ, ಮಳೆ ಒಂದೇ. ಹೀಗಿರುವಾಗ ಈ ಅಂತರ ಎಲ್ಲಿಂದ ಬಂತು? ಉತ್ತರಕ್ಕಾಗಿ ಅಬಕಾರಿಯ ಇತಿಹಾಸವನ್ನು ನೋಡಬೇಕಾಗುತ್ತದೆ.

ಗೇರುಮರವನ್ನು 16ನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದರು. ಮಲಯಾಳದ ‘ಪರಂಗಿಮಾವು’ ಎಂಬ ಹೆಸರು ಇಂದಿಗೂ ಆ ಮೂಲವನ್ನು ನೆನಪಿಸುತ್ತದೆ. ಭಟ್ಟಿಯಿಳಿಸುವ ವಿದ್ಯೆ ಆಗಲೇ ಈ ತೀರದಲ್ಲಿತ್ತು. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಗಾರ್ಸಿಯಾ ದ ಒರ್ತಾನ ಗ್ರಂಥದಲ್ಲಿಯೇ ತೆಂಗಿನ ಕಳ್ಳಿನಿಂದ ಇಳಿಸಿದ ಮದ್ಯದ ಪ್ರಸ್ತಾಪವಿದೆ. ಹೊಸ ಹಣ್ಣು ಹಳೆಯ ಹಂಡೆಯನ್ನು ಸೇರಿತು.

ಫೆಬ್ರವರಿಯಿಂದ ಮೇ ತಿಂಗಳವರೆಗಿನ ಈ ಕೆಲಸದಲ್ಲಿ ಅವಸರಕ್ಕೆ ಎಡೆಯಿಲ್ಲ. ಹಣ್ಣನ್ನು ಕೀಳುವಂತಿಲ್ಲ, ತಾನಾಗಿ ಉದುರಬೇಕು. ಬೀಜ ಬೇರ್ಪಡಿಸಿ, ಕಲ್ಲಿನ ತೊಟ್ಟಿಯಲ್ಲಿ ತುಳಿದು ರಸ ತೆಗೆಯುತ್ತಾರೆ. ಹೆಪ್ಪು ಹಾಕದೆಯೇ ರಸವು ಮೂರು ದಿನಗಳಲ್ಲಿ ಹುಳಿತು ನೊರೆಯೇಳುತ್ತದೆ. ಅದನ್ನು ಹಂಡೆಯಲ್ಲಿ ಕಾಯಿಸಿ, ಕೊಳವೆಯಿಂದ ಬರುವ ಆವಿಯನ್ನು ತಣ್ಣೀರು ಸುರಿಯುತ್ತಿರುವ ಗಡಿಗೆಯಲ್ಲಿ ಹನಿಯಾಗಿಸುತ್ತಾರೆ. ಮೊದಲ ಇಳಿಕೆ ಮೃದುವಾದ ‘ಉರಾಕ್’. ಇದನ್ನು ರಸದೊಡನೆ ಬೆರೆಸಿ ಮತ್ತೆ ಇಳಿಸಿದರೆ ಶೇ. 42ರ ಆಸುಪಾಸಿನ ಮದ್ಯಾಂಶವುಳ್ಳ ‘ಫೆನಿ’. ಆ ಹೆಸರು ಸಂಸ್ಕೃತದ ‘ಫೇನ’ದಿಂದ, ಅಂದರೆ ನೊರೆಯಿಂದ ಬಂತೆಂಬುದು ರೂಢಿಯ ಮಾತು. ಬೆಂಕಿಯನ್ನು ಎಷ್ಟು ಉರಿಸಬೇಕು, ಯಾವಾಗ ತಗ್ಗಿಸಬೇಕು ಎಂಬುದು ಪುಸ್ತಕದಿಂದ ಬರುವುದಿಲ್ಲ. ಹಂಡೆಯ ಮುಂದೆ ಹಿರಿಯರೊಡನೆ ಕುಳಿತ ಮಕ್ಕಳಿಗೆ ಅದು ದಕ್ಕುತ್ತದೆ.

ಗಡಿಯ ಈಚೆಗೆ ಈ ಸರಪಳಿ ಕಡಿಯಿತು. ಉತ್ತರ ಕನ್ನಡವು 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ದಕ್ಷಿಣ ಕನ್ನಡವು ಮದರಾಸಿನಲ್ಲಿ ಉಳಿದಿತ್ತು. 1878ರ ಮುಂಬಯಿ ಅಬಕಾರಿ ಕಾಯಿದೆ ಮತ್ತು 1886ರ ಮದರಾಸು ಅಬಕಾರಿ ಕಾಯಿದೆಗಳು ಪರವಾನಗಿಯಿಲ್ಲದ ಭಟ್ಟಿಯನ್ನು ಅಪರಾಧವಾಗಿಸಿದವು. ಚದುರಿದ ನೂರಾರು ಒಲೆಗಳನ್ನು ಕಾಯುವುದಕ್ಕಿಂತ ಒಂದು ದೊಡ್ಡ ಭಟ್ಟಿಖಾನೆಯ ಬಾಗಿಲಲ್ಲಿ ಸುಂಕ ವಸೂಲು ಮಾಡುವುದು ಸರಕಾರಕ್ಕೆ ಸುಲಭವಾಗಿತ್ತು. 1878ರ ಆಂಗ್ಲ-ಪೋರ್ಚುಗೀಸ್ ಒಪ್ಪಂದದಿಂದ ಗೋವೆಗೂ ಈ ಬಿಸಿ ತಟ್ಟಿತು, ಆದರೆ ಒಪ್ಪಂದ 1892ರಲ್ಲಿ ಕೊನೆಗೊಂಡಿತು. ಗೋವೆಯಲ್ಲಿ ತೆರಿಗೆ ಇರಲಿಲ್ಲವೆಂದು ತಿಳಿಯಬಾರದು. ಗೇರುವಲಯಗಳನ್ನು ಹರಾಜು ಹಾಕಿ ಭಟ್ಟಿಯಿಳಿಸುವ ಹಕ್ಕಿಗೆ ಹಣ ಪಡೆಯುವ ಪದ್ಧತಿ ಅಲ್ಲಿದೆ. ಅಲ್ಲಿನ ಆಡಳಿತ ಸುಂಕ ಪಡೆದು ಹಂಡೆಯನ್ನು ತೋಟದಲ್ಲೇ ಇರಗೊಟ್ಟಿತು. ಆಸ್ಟ್ರಿಯ ಮತ್ತು ದಕ್ಷಿಣ ಜರ್ಮನಿಯ ರೈತರು ಸಹ ತಮ್ಮ ತೋಟದ ಹಣ್ಣನ್ನು ನಿಗದಿತ ಮಿತಿಯೊಳಗೆ ಹೀಗೆಯೇ ಸುಂಕ ಕಟ್ಟಿ ಭಟ್ಟಿಯಿಳಿಸುತ್ತಾರೆ.

ಮದ್ಯದಿಂದ ಹಾಳಾದ ಸಂಸಾರಗಳನ್ನು ಮರೆತು ಈ ಇತಿಹಾಸವನ್ನು ಬರೆಯಲಾಗದು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿಯ ವಿರುದ್ಧ ಎದ್ದುನಿಂತದ್ದನ್ನು ತೆಲುಗು ನಾಡಿನಲ್ಲಿರುವ ನಾವು ಬಲ್ಲೆವು. ಕರ್ನಾಟಕವು 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿದ್ದಕ್ಕೂ ಇಂತಹ ನೋವಿನ ಹಿನ್ನೆಲೆಯಿದೆ. ಆದರೆ ಇಲ್ಲಿ ಒಂದು ವಿವೇಚನೆ ಅಗತ್ಯ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಬಡವರನ್ನು ಕೊಂದದ್ದು ಮೀಥೈಲ್ ಆಲ್ಕೊಹಾಲ್ ಬೆರೆತ ಕಳ್ಳ ಮದ್ಯ. ಹಣ್ಣಿನ ಕಸುಬಿಗೂ ಆ ದಂಧೆಗೂ ಇರುವ ವ್ಯತ್ಯಾಸವನ್ನು ಗುರುತಿಸುವ ಗೋಜಿಗೆ ನಮ್ಮ ಕಾಯಿದೆಗಳು ಹೋಗಲಿಲ್ಲ.

ಗೇರುಫೆನಿಗೆ 2009ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2016ರಲ್ಲಿ ಗೋವೆ ಅದನ್ನು ಪಾರಂಪರಿಕ ಪೇಯವೆಂದು ಘೋಷಿಸಿತು. ಕಾಸರಗೋಡಿನ ನೆರೆಯ ಕಣ್ಣೂರು ಜಿಲ್ಲೆಯಲ್ಲಿ, ಪಯ್ಯಾವೂರಿನ ಸಹಕಾರಿ ಬ್ಯಾಂಕಿಗೆ ಗೇರುಹಣ್ಣಿನಿಂದ ಮದ್ಯ ತಯಾರಿಸಲು ಕೇರಳ ಸರಕಾರ 2022ರಲ್ಲಿ ಅನುಮತಿ ನೀಡಿತು. ಹಣ್ಣು ಅಲ್ಲಿ ಮೊದಲೂ ಇತ್ತು, ಈಗ ಅನುಮತಿಯೂ ಬಂದಿದೆ. ಆದರೆ ಉರಿಯನ್ನು ಯಾವಾಗ ತಗ್ಗಿಸಬೇಕೆಂದು ಹೇಳಿಕೊಡಲು ಒಂದು ಹಿರಿಯ ಕೈ ಬೇಕು. ನೂರು ವರ್ಷಕ್ಕೂ ಮಿಗಿಲಾಗಿ ಅಪರಾಧವೆನಿಸಿದ್ದ ವಿದ್ಯೆಯನ್ನು ಮನೆಯ ಮಕ್ಕಳಿಗೆ ಕಲಿಸಿಟ್ಟವರನ್ನು ಗಡಿಯ ಈಚೆ ಎಲ್ಲಿ ಹುಡುಕುವುದು?