ಕೋಡಿನ ಕಮಟು: ತಂತ್ರಾಂಶದ ದೋಷಲಕ್ಷಣಗಳ ನಾಮಕರಣ ಮತ್ತು ದುರಸ್ತಿಯ ಚರಿತ್ರೆ

ವೃತ್ತಿ ಜಾನಪದದ ಅಧ್ಯಯನವು ನಮ್ಮಲ್ಲಿ ಬಹುಮಟ್ಟಿಗೆ ಕುಂಬಾರಿಕೆ, ನೇಯ್ಗೆ, ಕಮ್ಮಾರಿಕೆಗಳ ಸುತ್ತ ನಡೆದಿದೆ. ತಂತ್ರಾಂಶ ರಚನೆಯೂ ಒಂದು ಕಸುಬು; ಅದಕ್ಕೂ ಮೌಖಿಕ ಪರಂಪರೆಯೊಂದಿದೆ. ಈ ಪರಂಪರೆಯನ್ನು ಕಲೆಹಾಕಿದವರು ವಿದ್ವಾಂಸರಲ್ಲ, ಕಸುಬುದಾರರೇ. 1975ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರಾಫೇಲ್ ಫಿಂಕೆಲ್ ಆರಂಭಿಸಿದ ‘ಜಾರ್ಗನ್ ಫೈಲ್’ ಎಂಬ ಪದಸಂಗ್ರಹವು 1983ರಲ್ಲಿ ಪುಸ್ತಕರೂಪ ಪಡೆಯಿತು. ಅದರಲ್ಲಿ ಹಾಸ್ಯ, ಅಡ್ಡಹೆಸರು, ಒಳಮಾತುಗಳೇ ಹೆಚ್ಚು. ಕೆಟ್ಟ ಕೋಡನ್ನು ಗುರುತಿಸಿ ಸರಿಪಡಿಸುವ ತಿಳಿವಳಿಕೆಯು ಹೆಸರುಗಳ ಪಟ್ಟಿಯಾಗಿ, ಪ್ರತಿಯೊಂದು ಹೆಸರಿಗೂ ಒಂದು ಮದ್ದಿನೊಡನೆ, ಪ್ರಸಿದ್ಧಿಗೆ ಬಂದದ್ದು 1999ರಲ್ಲಿ. ಆ ಪಟ್ಟಿಯ ಹಿನ್ನೆಲೆಯನ್ನೂ ಅದರ ನಂತರದ ಗತಿಯನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1968 ಈ ಚರಿತ್ರೆಯಲ್ಲಿ ಮುಖ್ಯವಾದ ವರ್ಷ. ಆ ವರ್ಷದ ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ನೇಟೋ ಸಮ್ಮೇಳನವು ‘ತಂತ್ರಾಂಶದ ಬಿಕ್ಕಟ್ಟ’ನ್ನು ಚರ್ಚಿಸಿತು. ಅದಕ್ಕೂ ಮುನ್ನ, ಮಾರ್ಚ್ ತಿಂಗಳಿನಲ್ಲಿ, ಎಡ್ಸ್‌ಗರ್ ಡೈಕ್‌ಸ್ತ್ರಾ ಅವರು ‘ಗೋಟು’ ಆಜ್ಞೆಯ ವಿರುದ್ಧ ಬರೆದ ಪತ್ರವು ಅಮೆರಿಕದ ನಿಯತಕಾಲಿಕವೊಂದರಲ್ಲಿ ಪ್ರಕಟವಾಗಿತ್ತು. ಪ್ರೋಗ್ರಾಮಿನ ಒಂದು ಸಾಲಿನಿಂದ ಮತ್ತೊಂದು ಸಾಲಿಗೆ ಮನಬಂದಂತೆ ನೆಗೆಯಲು ಬಿಡುವ ಆ ಆಜ್ಞೆ ‘ಹಾನಿಕರ’ ಎಂಬ ಶೀರ್ಷಿಕೆಯನ್ನು ಕೊಟ್ಟವರು ಡೈಕ್‌ಸ್ತ್ರಾ ಅಲ್ಲ, ಸಂಪಾದಕರಾಗಿದ್ದ ನಿಕ್ಲಾಸ್ ವಿರ್ತ್. ಜಾನಪದ ದೃಷ್ಟಿಯಿಂದ ಇದು ಗಮನಾರ್ಹ. ಪತ್ರದ ವಾದಕ್ಕಿಂತ ಶೀರ್ಷಿಕೆಯ ಸೂತ್ರವೇ ಹೆಚ್ಚು ದೂರ ಸಾಗಿತು. ಯಾವುದನ್ನಾದರೂ ಖಂಡಿಸಬೇಕಾದಾಗ ಅದೇ ಸೂತ್ರದಲ್ಲಿ ಶೀರ್ಷಿಕೆ ಹೆಣೆಯುವ ರೂಢಿ ಇಂದಿಗೂ ಉಳಿದಿದೆ.

ಮುಂದಿನ ದಶಕದಲ್ಲಿ ಕೋಡಿನ ಗುಣವನ್ನು ಎಣಿಕೆಯಿಂದ ಅಳೆಯುವ ಮಾರ್ಗವೂ ಬೆಳೆಯಿತು. 1976ರಲ್ಲಿ ಥಾಮಸ್ ಮೆಕೇಬ್ ಅವರು ಪ್ರೋಗ್ರಾಮಿನೊಳಗಿನ ಕವಲುದಾರಿಗಳನ್ನು ಲೆಕ್ಕಹಾಕಿ ಸಂಕೀರ್ಣತೆಯನ್ನು ಅಂಕಿಯಲ್ಲಿ ಹೇಳುವ ವಿಧಾನವನ್ನು ಮಂಡಿಸಿದರು. ಬೆಲ್ ಪ್ರಯೋಗಾಲಯದ ಸ್ಟೀಫನ್ ಜಾನ್ಸನ್ ಅವರ ‘ಲಿಂಟ್’ ಎಂಬ ಉಪಕರಣವು, ಬಟ್ಟೆಗೆ ಅಂಟಿದ ನೂಲಿನ ಎಳೆಗಳನ್ನು ಹೆಕ್ಕುವಂತೆ, ಕೋಡಿನಲ್ಲಿ ಶಂಕಾಸ್ಪದವಾದದ್ದನ್ನು ಹೆಕ್ಕಿ ತೋರಿಸುತ್ತಿತ್ತು. ಎಣಿಸುವ ಮಾರ್ಗ, ಹೆಸರಿಟ್ಟು ಹೇಳಿಕೊಡುವ ಮಾರ್ಗ ಎಂಬ ಎರಡು ಧಾರೆಗಳು ಅಲ್ಲಿಂದ ಜೊತೆಜೊತೆಯಾಗಿ ಹರಿದಿವೆ.

ಎರಡನೆಯ ಧಾರೆಯ ಮುಖ್ಯ ಗ್ರಂಥ ಮಾರ್ಟಿನ್ ಫೌಲರ್ ಅವರ ‘ರಿಫ್ಯಾಕ್ಟರಿಂಗ್’ (1999). ಹೊರಗಿನ ವರ್ತನೆಯನ್ನು ಬದಲಿಸದೆ ಕೋಡಿನ ಒಳರಚನೆಯನ್ನು ಮಾತ್ರ ತಿದ್ದುವ ಕ್ರಿಯೆಗೆ ಆ ಹೆಸರು. ವಿಲಿಯಂ ಆಪ್‌ಡೈಕ್ ಅವರು 1992ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧದಲ್ಲಿ ಈ ಕ್ರಿಯೆಯ ಶಾಸ್ತ್ರೀಯ ನೆಲೆಗಟ್ಟು ಸಿದ್ಧವಾಗಿತ್ತು. ಹೇಗೆ ತಿದ್ದಬೇಕೆಂಬುದು ತಿಳಿದಿದ್ದರೂ ಯಾವಾಗ ತಿದ್ದಬೇಕೆಂಬ ಪ್ರಶ್ನೆ ಉಳಿದಿತ್ತು. ಇದಕ್ಕೆ ಉತ್ತರ ದೊರೆತದ್ದು ಫೌಲರ್ ಅವರು ಜ್ಯೂರಿಕ್‌ನಲ್ಲಿ ಕೆಂಟ್ ಬೆಕ್ ಅವರನ್ನು ಭೇಟಿಯಾದಾಗ. ಬೆಕ್ ಅವರ ಮನೆಯಲ್ಲಿ ಆಗ ಹಸುಗೂಸಿತ್ತು. ಅವರು ಮುಂದಿಟ್ಟ ಪರಿಕಲ್ಪನೆ ‘ವಾಸನೆ’. ಇಬ್ಬರೂ ಸೇರಿ ಬರೆದ ಅಧ್ಯಾಯದ ತಲೆಯಲ್ಲಿ ನಿಂತಿರುವುದು, ನಾತ ಬಂದರೆ ಬದಲಿಸು ಎಂಬರ್ಥದ, ಮಗು ಸಾಕುವ ಕುರಿತು ಬೆಕ್ ಮನೆತನದ ಅಜ್ಜಿ ಹೇಳಿದಳೆನ್ನಲಾದ ಮಾತು. ಒಂದು ತಾಂತ್ರಿಕ ಪರಿಭಾಷೆಯ ಮೂಲವನ್ನು ಅಜ್ಜಿಯ ನಾಣ್ನುಡಿಗೆ ಒಪ್ಪಿಸಿದ್ದು ತಮಾಷೆಗಾಗಿಯೇ ಇರಬಹುದು. ಆದರೂ ಪರಂಪರೆಯ ಅಧಿಕಾರವನ್ನು ಹೀಗೆ ಹಿರಿಯರ ಬಾಯಿಂದ ಪಡೆಯುವುದು ಜನಪದದ ಹಳೆಯ ಕ್ರಮ.

ಕನ್ನಡದಲ್ಲಿ ಇದಕ್ಕೆ ‘ಕಮಟು’ ಎಂಬ ಪದ ಹೆಚ್ಚು ಒಪ್ಪುತ್ತದೆ. ಕಮಟು ಬಂದ ಎಣ್ಣೆ ಕೊಳೆತದ್ದಲ್ಲ; ಡಬ್ಬಿಯ ಮುಚ್ಚಳ ತೆರೆದು ನೋಡಬೇಕಾಗಿದೆ ಎಂಬ ಸೂಚನೆ ಅದು. ಫೌಲರ್ ಮತ್ತು ಬೆಕ್ ಅವರ ಆಶಯವೂ ಇಷ್ಟೇ. ಯಾವ ಅಳತೆಗೋಲೂ ಅನುಭವಿಯ ಅಂತಃಪ್ರಜ್ಞೆಗೆ ಸಾಟಿಯಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದ್ದಾರೆ. ಆಲೆಮನೆಯಲ್ಲಿ ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು ಹದ ನೋಡುವವನ ಜ್ಞಾನವೂ ಇದೇ ಜಾತಿಯದು.

ಮೊದಲ ಮುದ್ರಣದಲ್ಲಿ ಇಂತಹ 22 ಲಕ್ಷಣಗಳಿವೆ. ಅಗ್ರಸ್ಥಾನ ‘ನಕಲಾದ ಕೋಡ್’ಗೆ. ಒಂದೇ ತುಣುಕು ಎರಡು ಕಡೆ ಇದ್ದರೆ ಅದನ್ನು ಬೇರ್ಪಡಿಸಿ, ಹೆಸರಿಟ್ಟು, ಎರಡೂ ಕಡೆಯಿಂದ ಕರೆಯಬೇಕು. ಒಂದು ಸಣ್ಣ ಬದಲಾವಣೆಗಾಗಿ ಹತ್ತಾರು ಕಡೆ ಕೈಯಾಡಿಸಬೇಕಾಗಿ ಬಂದರೆ ಅದು ‘ಚರೆಕೋವಿ ಶಸ್ತ್ರಚಿಕಿತ್ಸೆ’. ಚದುರಿದ್ದನ್ನು ಒಂದೆಡೆ ತರುವುದು ಮದ್ದು. ಮುಂದೆಂದಾದರೂ ಬೇಕಾದೀತೆಂದು ಕಟ್ಟಿಟ್ಟ, ಇಂದು ಯಾರಿಗೂ ಬೇಡದ ಏರ್ಪಾಡಿಗೂ ಹೆಸರುಂಟು. ಅದನ್ನು ಸೂಚಿಸಿದವರು ಬ್ರಯಾನ್ ಫೂಟ್. ವಿವರಣೆಯ ಟಿಪ್ಪಣಿಗಳೂ ಈ ಪಟ್ಟಿಯಲ್ಲಿರುವುದು ಮೊದಲ ಓದಿಗೆ ವಿಚಿತ್ರವೆನಿಸುತ್ತದೆ. ಟಿಪ್ಪಣಿ ಕೆಟ್ಟದ್ದಲ್ಲ, ಕೆಟ್ಟ ಕೋಡಿಗೆ ಬಳಿದ ಸುಗಂಧದ್ರವ್ಯವಾಗುತ್ತದೆ ಎಂಬುದು ಅವರ ವಾದ. ತಿದ್ದುಪಡಿಯ ವಿಧಾನವೂ ಕಟ್ಟುನಿಟ್ಟಿನದು: ಮೊದಲು ಪರೀಕ್ಷೆಗಳನ್ನು ಬರೆದಿಟ್ಟುಕೊಂಡು, ಒಂದು ಬಾರಿಗೆ ಒಂದೇ ಸಣ್ಣ ಬದಲಾವಣೆ ಮಾಡಿ, ಪ್ರತಿ ಬಾರಿಯೂ ಪರೀಕ್ಷಿಸುವುದು.

ಈ ಪಟ್ಟಿಯನ್ನು ಸ್ಟಿತ್ ಥಾಮ್ಸನ್ ಅವರ ಆಶಯ ಸೂಚಿಯೊಡನೆ ಹೋಲಿಸಬಹುದು. ಆಶಯಕ್ಕೆ ಸಂಖ್ಯೆ ಕೊಟ್ಟ ಮಾತ್ರಕ್ಕೆ ಕಥೆಯ ಅರ್ಥ ತಿಳಿಯುವುದಿಲ್ಲ; ಆದರೆ ದೂರದೂರದ ಸಂಗ್ರಾಹಕರು ಒಂದೇ ವಸ್ತುವಿನ ಬಗ್ಗೆ ಮಾತನಾಡುತ್ತಿದ್ದಾರೆಂಬುದು ಖಚಿತವಾಗುತ್ತದೆ. ಅದುವರೆಗೆ ‘ಈ ಕೋಡ್ ಯಾಕೋ ಸರಿಯಿಲ್ಲ’ ಎನ್ನುತ್ತಿದ್ದವರಿಗೆ ದೂರನ್ನು ಹೆಸರಿಟ್ಟು ಹೇಳುವ ಶಕ್ತಿ ಬಂದಿತು.

ಪುಸ್ತಕ ಪ್ರಕಟವಾದ ಕಾಲಕ್ಕೆ ಇದೇ ಬಗೆಯ ದುರಸ್ತಿಯ ಬೃಹತ್ ಪ್ರಸಂಗವೊಂದು ಬೆಂಗಳೂರಿನಲ್ಲಿಯೂ ನಡೆಯುತ್ತಿತ್ತು. 2000ನೆಯ ಇಸವಿಯ ಸಮಸ್ಯೆ, ಅಂದರೆ ‘ವೈಟೂಕೆ’, ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟ ಹಳೆಯ ಪದ್ಧತಿಯಿಂದ ಹುಟ್ಟಿದ್ದು. 80 ಕಂಬಸಾಲುಗಳ ರಂಧ್ರಪತ್ರಗಳೂ ದುಬಾರಿ ಸಂಗ್ರಹಸ್ಥಳವೂ ಇದ್ದ ಕಾಲದಲ್ಲಿ ಅದು ವಿವೇಕದ ಮಿತವ್ಯಯವೇ ಆಗಿತ್ತು. ‘ವಾಸನೆ’ ಎಂಬ ಪದಕ್ಕೆ ನಮ್ಮಲ್ಲಿ ಹಿಂದಿನ ಜನ್ಮದಿಂದ ಬಂದ ಸಂಸ್ಕಾರ ಎಂಬ ಅರ್ಥವೂ ಉಂಟು. ಆ ಅರ್ಥ ಇಲ್ಲಿ ಅಕ್ಷರಶಃ ಹೊಂದುತ್ತದೆ. ದಿನಾಂಕದ ತಿಳಿವಳಿಕೆ ಒಂದೆಡೆ ನೆಲೆಸದೆ ಸಾವಿರಾರು ಸಾಲುಗಳಲ್ಲಿ ಚದುರಿದ್ದರಿಂದಲೇ ದುರಸ್ತಿ ಅಷ್ಟು ದೊಡ್ಡದಾಯಿತು. ಭಾರತೀಯ ಕಂಪನಿಗಳ ಎಂಜಿನಿಯರುಗಳು ಅಪರಿಚಿತರು ದಶಕಗಳ ಹಿಂದೆ ಕೋಬಾಲ್ ಭಾಷೆಯಲ್ಲಿ ಬರೆದ ಕೋಡನ್ನು ಸಾಲುಸಾಲಾಗಿ ಓದಿದರು. ವರ್ಷವನ್ನು ನಾಲ್ಕು ಅಂಕಿಗೆ ವಿಸ್ತರಿಸುವುದು ಒಂದು ಮಾರ್ಗ. ಎರಡಂಕಿಯನ್ನೇ ಉಳಿಸಿ, ಉದಾಹರಣೆಗೆ 50ಕ್ಕಿಂತ ಕಡಿಮೆಯಿದ್ದರೆ 2000ದ ನಂತರದ್ದೆಂದು ಭಾವಿಸುವುದು ಇನ್ನೊಂದು. ಎರಡನೆಯದು ಅಗ್ಗ, ಆದರೆ ಸಮಸ್ಯೆಯನ್ನು ಮುಂದೂಡುತ್ತದೆ. ವಾರ್ಡ್ ಕನ್ನಿಂಗ್‌ಹ್ಯಾಮ್ 1992ರಲ್ಲಿ ಬಳಸಿದ ‘ಸಾಲ’ದ ರೂಪಕ ಇದಕ್ಕೆ ಸರಿಹೊಂದುತ್ತದೆ.

ಈ ಅಧ್ಯಾಯವನ್ನು ಸಾಮಾನ್ಯವಾಗಿ ವಹಿವಾಟಿನ ಏಳಿಗೆಯ ಕಥೆಯಾಗಿ ಹೇಳಲಾಗುತ್ತದೆ. ಅದು ಅಪೂರ್ಣ ಕಥನ. ಬೇರೆಯವರ ಕೋಡನ್ನು ಓದಿ, ಬರೆದವರ ಮನಸ್ಸನ್ನು ಊಹಿಸಿ, ಎಲ್ಲಿ ಕೈಯಿಟ್ಟರೆ ಏನು ಕುಸಿದೀತೆಂದು ಅರಿತವರ ಪಳಗಿದ ಜ್ಞಾನ ಅದರಲ್ಲಿ ಕಾಣುವುದಿಲ್ಲ. ಆ ಪೀಳಿಗೆ ಈಗ ನಿವೃತ್ತಿಯ ಅಂಚಿಗೆ ಬಂದಿದೆ. ಅವರ ನೆನಪುಗಳು ಮೌಖಿಕ ಇತಿಹಾಸವಾಗಿ ಸಂಗ್ರಹಗೊಳ್ಳುವುದು ಕರ್ನಾಟಕದ ಜಾನಪದ ಸಂಸ್ಥೆಗಳ ಕೆಲಸವೇ ಆಗಿದೆ. ಆಶಯ ಸೂಚಿಗಿಂತ ಮೊದಲು ಕಥೆಗಳು ಬೇಕು.

ಲಕ್ಷಣವನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ 2014ರ ಫೆಬ್ರವರಿಯಲ್ಲಿ ಬಯಲಾದ ಆಪಲ್ ಸಂಸ್ಥೆಯ ದೋಷ ನಿದರ್ಶನ. ಸುರಕ್ಷಿತ ಸಂಪರ್ಕಕ್ಕೆ ಮುನ್ನ ಎದುರಿನ ಸರ್ವರಿನ ಸಹಿಯನ್ನು ಪರಿಶೀಲಿಸುವ ಕೋಡದು. ಪ್ರತಿ ಹಂತದಲ್ಲಿಯೂ, ದೋಷವಿದ್ದರೆ ಕೊನೆಗೆ ನೆಗೆ ಎಂಬ ಒಂದೇ ಮಾದರಿ ಮರುಕಳಿಸುತ್ತದೆ. ಅದರಲ್ಲಿ ನೆಗೆಯುವ ಸಾಲೊಂದು ಎರಡು ಬಾರಿ ಬಿದ್ದಿತ್ತು. ಮೊದಲನೆಯದಕ್ಕೆ ಷರತ್ತಿತ್ತು, ಎರಡನೆಯದಕ್ಕೆ ಇರಲಿಲ್ಲ. ಪರಿಣಾಮವಾಗಿ ಸಹಿಯ ಪರಿಶೀಲನೆಯೇ ನಡೆಯದೆ, ಎಲ್ಲವೂ ಸರಿಯಿದೆ ಎಂಬ ಉತ್ತರ ಬರುತ್ತಿತ್ತು. ನೆಗೆಯುವ ಆಜ್ಞೆ ‘ಗೋಟು’ವೇ ಆಗಿದ್ದರಿಂದ ಡೈಕ್‌ಸ್ತ್ರಾ ಅವರ ಪತ್ರ ಮತ್ತೆ ನೆನಪಿಗೆ ಬರುವುದು ಸಹಜ. ಆದರೆ ದೋಷವನ್ನು ‘ಗೋಟು’ವಿನ ತಲೆಗೆ ಕಟ್ಟುವುದು ಸರಿಯಲ್ಲ. ಒಂದೇ ರೂಪದ ಸಾಲುಗಳ ನಡುವೆ ಹೆಚ್ಚುವರಿ ಸಾಲೊಂದು ಕಣ್ಣಿಗೆ ಬೀಳದೆ ಹೋದದ್ದು, ಷರತ್ತಿನ ವ್ಯಾಪ್ತಿಗೆ ಆವರಣ ಚಿಹ್ನೆ ಹಾಕದೆ ಬಿಟ್ಟದ್ದು, ಎಂದಿಗೂ ತಲುಪದ ಕೋಡ್ ಉಳಿದದ್ದು, ಈ ಮೂರೂ ನಿಜವಾದ ಲಕ್ಷಣಗಳು. ದುರಸ್ತಿಗೆ ಒಂದು ಸಾಲನ್ನು ಅಳಿಸಿದರೆ ಸಾಕಿತ್ತು.

ಈಚಿನ ವರ್ಷಗಳಲ್ಲಿ ಎರಡು ಧಾರೆಗಳೂ ಮತ್ತೆ ಕೂಡಿವೆ. ಸೋನಾರ್‌ಕ್ಯೂಬ್‌ನಂತಹ ಉಪಕರಣಗಳು ‘ವಾಸನೆ’ಗಳನ್ನೇ ಎಣಿಸಿ, ತಿದ್ದಲು ಬೇಕಾಗುವ ಸಮಯದ ಅಂದಾಜು ಕೊಡುತ್ತವೆ. ಅನುಕೂಲ ದೊಡ್ಡದೇ, ಆದರೆ ಸೂಚನೆಯಾಗಿದ್ದದ್ದು ತೀರ್ಪಾಗುವ ಅಪಾಯವೂ ಇದೆ. ಇತ್ತ ಪಟ್ಟಿ ತಾನೂ ನಿಂತಲ್ಲಿ ನಿಂತಿಲ್ಲ. 2018ರ ಎರಡನೆಯ ಆವೃತ್ತಿಯಲ್ಲಿ ಲಕ್ಷಣಗಳು 24 ಆಗಿವೆ. ನಕಲಾದ ಕೋಡ್ ಎರಡನೆಯ ಸ್ಥಾನಕ್ಕಿಳಿದು, ಅರ್ಥವಾಗದ ಹೆಸರುಗಳು ಮೊದಲಿಗೆ ಬಂದಿವೆ. 1999ರ ಪಟ್ಟಿಯಲ್ಲಿ ಇಲ್ಲದಿದ್ದ, ಪಾಠಪುಸ್ತಕಗಳ ಆರಂಭದಲ್ಲಿಯೇ ಕಲಿಸುತ್ತಿದ್ದ ‘ಲೂಪ್’, ಅಂದರೆ ಆವರ್ತನೆಯ ರಚನೆ, ಈಗ ಆ ಪಟ್ಟಿಯೊಳಗಿದೆ.