ಟರ್ಕಿ ಕೋಳಿಯ ಹೂರಣ: ರುಚಿಯಷ್ಟೇ ಮುಖ್ಯ ಉಷ್ಣಾಂಶ

ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೇ ಗುರುವಾರ ‘ಥ್ಯಾಂಕ್ಸ್‌ಗಿವಿಂಗ್’ ಹಬ್ಬ. 1863ರಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಹೊರಡಿಸಿದ ಘೋಷಣೆಯೊಂದಿಗೆ ರಾಷ್ಟ್ರೀಯ ಆಚರಣೆಯಾದ ಈ ಹಬ್ಬಕ್ಕೆ ಕಾನೂನಿನ ಮೂಲಕ ನಾಲ್ಕನೇ ಗುರುವಾರ ನಿಗದಿಯಾದದ್ದು 1941ರಲ್ಲಿ. ಅಂದಿನ ಊಟದ ಕೇಂದ್ರ ಓವನ್‌ನಲ್ಲಿ ಇಡಿಯಾಗಿ ಬೇಯಿಸಿದ ಟರ್ಕಿ ಕೋಳಿ. ಆದರೆ ಪಂಕ್ತಿಯಲ್ಲಿ ಎರಡನೇ ಸಲ ಕೇಳಿ ಹಾಕಿಸಿಕೊಳ್ಳುವುದು ಬಹುತೇಕ ಅದರ ಜೊತೆಗಿರುವ ‘ಸ್ಟಫಿಂಗ್’ ಅನ್ನು.

ಸ್ಟಫಿಂಗ್ ಎಂದರೆ ಹೂರಣವೇ. ಹೋಳಿಗೆಯ ಹೂರಣದಂತೆ ಸಿಹಿಯಲ್ಲ. ತುಂಬುವ ಕ್ರಮವನ್ನು ನೋಡಿದರೆ ಎಣ್ಣೆಗಾಯಿ ಬದನೆಗೆ ಹತ್ತಿರ. ಒಣಗಿಸಿದ ಬ್ರೆಡ್ ಇದರ ಜೀವಾಳ. ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿ, ಸೆಲರಿ ದಂಟು, ಸೇಜ್ ಮತ್ತು ಥೈಮ್ ಎಂಬ ಸುವಾಸನೆಯ ಎಲೆಗಳು, ಕೋಳಿ ಸಾರು, ಮೊಟ್ಟೆ ಇವು ಉಳಿದ ಸಾಮಗ್ರಿ. ಪ್ರದೇಶಕ್ಕೆ ತಕ್ಕಂತೆ ಇದು ರೂಪ ಬದಲಿಸುತ್ತದೆ. ದಕ್ಷಿಣದ ರಾಜ್ಯಗಳಲ್ಲಿ ಮೆಕ್ಕೆಜೋಳದ ಬ್ರೆಡ್ ಬಳಸುತ್ತಾರೆ, ಹೆಸರೂ ‘ಡ್ರೆಸ್ಸಿಂಗ್’ ಎಂದಾಗುತ್ತದೆ. ಕರಾವಳಿಯ ಕೆಲವೆಡೆ ಆಯ್‌ಸ್ಟರ್ ಚಿಪ್ಪುಮೀನು ಸೇರುತ್ತದೆ. ಪೆನ್ಸಿಲ್ವೇನಿಯಾದ ಜರ್ಮನ್ ಮೂಲದವರು ಆಲೂಗಡ್ಡೆ ಬೆರೆಸುತ್ತಾರೆ. ಮಿನ್ನೆಸೋಟದಲ್ಲಿ ಕಾಡಕ್ಕಿಯ ಹೂರಣವೂ ಉಂಟು.

1972ರಲ್ಲಿ ಜನರಲ್ ಫುಡ್ಸ್ ಸಂಸ್ಥೆ ‘ಸ್ಟೋವ್ ಟಾಪ್’ ಹೆಸರಿನ ಸಿದ್ಧ ಪೊಟ್ಟಣವನ್ನು ಮಾರುಕಟ್ಟೆಗೆ ತಂದಿತು. ಕುದಿಯುವ ನೀರಿಗೆ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಹೂರಣ ಸಿದ್ಧ. ಹಾಗಿದ್ದರೂ ಹಬ್ಬದ ದಿನ ಮನೆಯಲ್ಲೇ ಮಾಡಬೇಕೆಂಬ ಹಟ ಅನೇಕ ಮನೆಗಳಲ್ಲಿ ಉಳಿದಿದೆ. ಅಜ್ಜಿಯ ಕೈರುಚಿಯ ಪ್ರಶ್ನೆ ಅಲ್ಲಿಯೂ ಇದೆ.

ಎಂಟು ಹತ್ತು ಜನರಿಗೆ ಸುಮಾರು 450 ಗ್ರಾಂ ಬ್ರೆಡ್ ಸಾಕು. ಇದನ್ನು ಅರ್ಧ ಅಂಗುಲದಷ್ಟು ತುಂಡುಗಳಾಗಿ ಕತ್ತರಿಸಿ ಸಣ್ಣ ಉರಿಯ ಓವನ್‌ನಲ್ಲಿ, ಸುಮಾರು 135 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಮುಕ್ಕಾಲು ಗಂಟೆಯವರೆಗೆ ಗರಿಯಾಗುವಂತೆ ಒಣಗಿಸಬೇಕು. ಹಳಸಲು ಬ್ರೆಡ್ಡೇ ಆಗಬೇಕೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಬ್ರೆಡ್ ಹಳತಾದಾಗ ಗಟ್ಟಿಯಾಗುವುದು ಮುಖ್ಯವಾಗಿ ಅದರ ಪಿಷ್ಟದ ರಚನೆ ಬದಲಾಗುವುದರಿಂದ, ತೇವ ಹೋಗುವುದರಿಂದಲ್ಲ. ಓವನ್‌ನಲ್ಲಿ ಒಣಗಿಸಿದಾಗ ತೇವ ನಿಜವಾಗಿಯೂ ಹೊರಹೋಗುತ್ತದೆ. ಆ ಜಾಗವನ್ನು ಸಾರು ತುಂಬುತ್ತದೆ. ಮೆತ್ತಗಿನ ಬ್ರೆಡ್ ಹಾಕಿದರೆ ಸಿಗುವುದು ಅಂಟಂಟಾದ ಮುದ್ದೆ.

ನಂತರ 115 ಗ್ರಾಂ ಬೆಣ್ಣೆಯಲ್ಲಿ ಎರಡು ಈರುಳ್ಳಿ, ನಾಲ್ಕು ಸೆಲರಿ ದಂಟುಗಳನ್ನು ಹೆಚ್ಚಿ, ಕಂದು ಬಣ್ಣಕ್ಕೆ ಬಿಡದೆ, ಮೆತ್ತಗಾಗುವ ತನಕ ಬಾಡಿಸಬೇಕು. ಸೇಜ್ ಮತ್ತು ಥೈಮ್ ಎಲೆ, ಉಪ್ಪು, ಕಾಳುಮೆಣಸು ಸೇರಿಸಿ ಬ್ರೆಡ್ಡಿಗೆ ಬೆರೆಸಬೇಕು. ಸೇಜ್ ಹೆಚ್ಚಾದರೆ ಔಷಧಿಯ ವಾಸನೆ ಬರುತ್ತದೆ, ಎಚ್ಚರ. ಎರಡು ಮೊಟ್ಟೆಗಳನ್ನು ಎರಡೂವರೆ ಕಪ್ ಸಾರಿನಲ್ಲಿ ಕದಡಿ, ಸ್ವಲ್ಪ ಸ್ವಲ್ಪವಾಗಿ ಸುರಿದು ಕಲಸಬೇಕು. ಮಿಶ್ರಣ ತೇವವಾಗಿರಬೇಕು, ಹಿಂಡಿದರೆ ನೀರು ಸುರಿಯಬಾರದು.

ತಕರಾರು ಆರಂಭವಾಗುವುದು ಇಲ್ಲಿಂದ: ಇದನ್ನು ಕೋಳಿಯೊಳಗೆ ತುಂಬಬೇಕೇ, ಪ್ರತ್ಯೇಕ ಪಾತ್ರೆಯಲ್ಲಿ ಬೇಯಿಸಬೇಕೇ? ಒಳಗೆ ತುಂಬಿದರೆ ಮಾಂಸದ ರಸ ಇಳಿದು ರುಚಿ ಹೆಚ್ಚುತ್ತದೆ ಎಂಬುದು ನಿಜ. ಆದರೆ ಆ ರಸದೊಂದಿಗೆ ಸಾಲ್ಮೊನೆಲ್ಲಾದಂತಹ ಬ್ಯಾಕ್ಟೀರಿಯಾಗಳೂ ಬ್ರೆಡ್ಡಿಗೆ ಇಳಿಯಬಹುದು. ಶಾಖ ಕೊನೆಗೆ ತಲುಪುವ ಸ್ಥಳ ಕೋಳಿಯ ಹೊಟ್ಟೆಯ ನಡುಭಾಗ. ಹೊರಗೆ ಚರ್ಮ ಹೊಂಬಣ್ಣಕ್ಕೆ ತಿರುಗಿ, ಮಾಂಸ ಪೂರ್ತಿ ಬೆಂದಿದ್ದರೂ ಹೂರಣ ಅರೆಬೆಂದಿರುವ ಸಾಧ್ಯತೆ ಇದೆ. ಅದಕ್ಕಾಗಿಯೇ ಅಮೆರಿಕದ ಕೃಷಿ ಇಲಾಖೆ ಹೂರಣದ ಮಧ್ಯಭಾಗ 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕೆಂದು ಹೇಳುತ್ತದೆ. ಕಣ್ಣಂದಾಜು ಸಾಲದು, ಅಡುಗೆಯ ಥರ್ಮಾಮೀಟರ್ ಚುಚ್ಚಿ ನೋಡಬೇಕು. ಅಷ್ಟು ಹೊತ್ತು ಕಾದರೆ ಎದೆಯ ಮಾಂಸ ಒಣಗಿ ನಾರಾಗುತ್ತದೆ ಎಂಬ ದೂರಿನಲ್ಲೂ ಹುರುಳಿದೆ.

ತುಂಬಲೇಬೇಕೆನ್ನುವವರು ಹಿಂದಿನ ರಾತ್ರಿ ತುಂಬಿಡಬಾರದು. ಕಲಸಿದ ಕೂಡಲೇ, ಪ್ರತಿ ಪೌಂಡ್ ತೂಕದ ಕೋಳಿಗೆ ಮುಕ್ಕಾಲು ಕಪ್‌ನಂತೆ, ಅದುಮದೆ ಸಡಿಲವಾಗಿ ತುಂಬಿ ತಕ್ಷಣ ಓವನ್‌ಗೆ ಇಡಬೇಕು. ಓವನ್ ಶಾಖ 163 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬಾರದು. 12ರಿಂದ 14 ಪೌಂಡ್ ತೂಗುವ, ಹೂರಣ ತುಂಬಿದ ಕೋಳಿಗೆ ಈ ಶಾಖದಲ್ಲಿ ಮೂರೂವರೆಯಿಂದ ನಾಲ್ಕು ಗಂಟೆ ಬೇಕು. ಹೊರತೆಗೆದ ಮೇಲೆ 20 ನಿಮಿಷ ಬಿಟ್ಟು ಹೂರಣ ತೆಗೆಯಬೇಕು. ಸಾಸೇಜ್ ಅಥವಾ ಚಿಪ್ಪುಮೀನು ಸೇರಿಸುವುದಿದ್ದರೆ ಮೊದಲೇ ಬೇಯಿಸಿಕೊಂಡಿರಬೇಕು.

ಪ್ರತ್ಯೇಕವಾಗಿ ಬೇಯಿಸುವುದೇ ಜಾಣತನ ಎಂದು ತೋರುತ್ತದೆ. ಅಗಲವಾದ ತಟ್ಟೆಗೆ ಬೆಣ್ಣೆ ಸವರಿ, ಮಿಶ್ರಣ ಹರಡಿ, 175 ಡಿಗ್ರಿಯಲ್ಲಿ ಮುಚ್ಚಿ ಅರ್ಧ ಗಂಟೆ, ತೆರೆದು ಇನ್ನೊಂದು ಕಾಲು ಗಂಟೆ ಬೇಯಿಸಿದರೆ ಮೇಲೆ ಗರಿಗರಿ, ಒಳಗೆ ಮೃದು. ಇಲ್ಲಿಯೂ ಮಧ್ಯಭಾಗ 74 ಡಿಗ್ರಿ ಮುಟ್ಟಬೇಕು.

ಅಲ್ಲಿ ನೆಲೆಸಿರುವ ಸಸ್ಯಾಹಾರಿ ಕನ್ನಡಿಗರಿಗೂ ಈ ಕ್ರಮವೇ ಅನುಕೂಲ. ಸಾರನ್ನು ತರಕಾರಿಯಿಂದ ಮಾಡಿ, ಮೊಟ್ಟೆ ಕೈಬಿಟ್ಟು, ಅಣಬೆ ಸೇರಿಸಿದರೆ ರುಚಿಗೆ ಕೊರತೆಯಿಲ್ಲ. ಬೇರೆಯವರ ಮನೆಗೆ ಊಟಕ್ಕೆ ಹೋದಾಗ ಮಾತ್ರ, ತಟ್ಟೆಯಲ್ಲಿ ಬ್ರೆಡ್ ಮತ್ತು ತರಕಾರಿಯಷ್ಟೇ ಕಂಡರೂ, ಯಾವ ಸಾರು ಹಾಕಿದ್ದೀರಿ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮೂರು ನಾಲ್ಕು ದಿನಗಳಲ್ಲಿ ಮತ್ತೆ 74 ಡಿಗ್ರಿಗೆ ಬಿಸಿ ಮಾಡಿ ತಿಂದು ಮುಗಿಸಬೇಕು.