ವಾದ್ಯವೃಂದದ ಎಳೆಯರು ಮತ್ತು ಸಭಾಕಂಪ

ವೇದಿಕೆ ಹತ್ತುವ ಹೊತ್ತಿಗೆ ಎದೆ ಢವಢವ ಅನ್ನುವುದು, ಬಾಯಿ ಒಣಗುವುದು, ಕೈ ನಡುಗುವುದು ಸಭಾಕಂಪದ ಲಕ್ಷಣಗಳು. ಪಾಶ್ಚಾತ್ಯ ವಾದ್ಯವೃಂದಗಳಲ್ಲಿ ನುಡಿಸುವ ಹದಿಹರೆಯದವರನ್ನು ಕಾಡುವ ಇದು ನುರಿತವರನ್ನೂ ಬಿಟ್ಟಿಲ್ಲ. ಸ್ಪೇನಿನ ಮಹಾನ್ ಚೆಲ್ಲೋ ವಾದಕ ಪಾಬ್ಲೋ ಕಸಾಲ್ಸ್ ಜೀವನವಿಡೀ ಈ ಭಯದೊಂದಿಗೇ ಬದುಕಿದರು. 1901ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಬೆಟ್ಟದಲ್ಲಿ ಬಂಡೆಯೊಂದು ಉರುಳಿ ಅವರ ಎಡಗೈ ಜಜ್ಜಿತು. ಇನ್ನು ಚೆಲ್ಲೋ ನುಡಿಸುವ ಪಾಡಿಲ್ಲವಲ್ಲ ಎಂಬ ನೆಮ್ಮದಿಯೇ ಆಗ ಮೊದಲು ಬಂದದ್ದು ಎಂದು ಅವರೇ ಹೇಳಿಕೊಂಡಿದ್ದಾರೆ. ಕೈ ವಾಸಿಯಾದ ಮೇಲೆ ಅವರು ದಶಕಗಳ ಕಾಲ ನುಡಿಸಿದರು, ಭಯ ಹೋಗಲಿ ಎಂದು ಕಾಯಲಿಲ್ಲ. ಎಳೆಯ ವಾದಕರು ಕಲಿಯಬೇಕಾದ್ದೂ ಇದನ್ನೇ: ಭಯವಿದ್ದಾಗಲೂ ನುಡಿಸುವ ಅಭ್ಯಾಸ.

ದೇಹದಲ್ಲಿ ಏನಾಗುತ್ತದೆ?

ಅಪಾಯ ಎದುರಾಗಿದೆ ಎಂದು ಮಿದುಳಿಗೆ ಅನ್ನಿಸಿದೊಡನೆ ಅಡ್ರಿನಲ್ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಬಿಡುತ್ತವೆ. ಎದೆಬಡಿತ ಏರುತ್ತದೆ, ಉಸಿರು ಮೇಲುಮೇಲಾಗುತ್ತದೆ, ರಕ್ತ ದೊಡ್ಡ ಸ್ನಾಯುಗಳತ್ತ ಹರಿದು ಬೆರಳು ತಣ್ಣಗಾಗುತ್ತವೆ. ಓಡುವುದಕ್ಕೆ, ಹೊಡೆದಾಡುವುದಕ್ಕೆ ಇದು ಒಳ್ಳೆಯ ಸಿದ್ಧತೆ. ನಯವಾದ ಕೈಗೆಲಸಕ್ಕೆ ಅಡ್ಡಿ. ಪಿಟೀಲಿನವರು ಮೆಲುದನಿಯ ದೀರ್ಘ ಸ್ವರ ಎಳೆಯುವಾಗ ಕಮಾನು ತಂತಿಯ ಮೇಲೆ ಅದುರುತ್ತದೆ. ಓಬೋ, ಕೊಳಲಿನವರಿಗೆ ಉಸಿರು ಸಾಲದು. ಹಾರ್ನ್, ಟ್ರಂಪೆಟ್‌ನವರಿಗೆ ಒಣಗಿದ ತುಟಿ ಹಿಡಿತಕ್ಕೆ ಸಿಗದು.

ಹಾಗೆಂದು ಉದ್ವೇಗ ಪೂರ್ತಿ ಕೆಟ್ಟದ್ದಲ್ಲ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಮನೋವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಕಷ್ಟದ ಪಾಠ ಕಲಿಯಲು ಹದವಾದ ಪ್ರಚೋದನೆಯೇ ಹೆಚ್ಚು ನೆರವಾಯಿತು. ಅತಿಯಾದಾಗ ಕಲಿಕೆ ಕೆಟ್ಟಿತು.

ಕಾಯುವುದೇ ಕಷ್ಟ

ಒಬ್ಬರೇ ನುಡಿಸುವಾಗ ಮೊದಲ ಕೆಲವು ನಿಮಿಷ ದಾಟಿದರೆ ಕೈ ಕುದುರುತ್ತದೆ. ವಾದ್ಯವೃಂದದಲ್ಲಿ ಆ ಅನುಕೂಲ ಎಲ್ಲರಿಗೂ ಇಲ್ಲ. 1893ರಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲು ನುಡಿಸಲಾದ, ಸಂಯೋಜಕ ದ್ವೊರ್ಝಾಕರ 'ನ್ಯೂ ವರ್ಲ್ಡ್' ಸಿಂಫನಿಯಲ್ಲಿ ಸಿಂಬಲ್ ತಾಳಕ್ಕೆ ಇರುವುದು ಒಂದೇ ಪೆಟ್ಟು, ಅದೂ ಕೊನೆಯ ಭಾಗದಲ್ಲಿ, ಅಬ್ಬರವಿಲ್ಲದೆ. ಅರ್ಧ ಗಂಟೆ ಕಾದು, ಬಾರ್‌ಗಳನ್ನು (ತಾಳದ ಆವರ್ತಗಳನ್ನು) ಎಣಿಸುತ್ತಾ, ಆ ಒಂದು ಪೆಟ್ಟನ್ನು ಸರಿಯಾಗಿ ಹಾಕಬೇಕು. ತಂತಿವಾದ್ಯದವರು ಹತ್ತಾರು ಜನ ಒಂದೇ ಸಾಲು ನುಡಿಸುತ್ತಾರಾದರೂ ಅವರ ಭಯವೂ ಕಡಿಮೆಯದಲ್ಲ: ಎಲ್ಲರೂ ಸುಮ್ಮನಿರುವಾಗ ತಾನೊಬ್ಬನೇ ಮೊದಲೇ ಶುರುಮಾಡಿಬಿಟ್ಟರೆ?

ಇದಕ್ಕೆ ಹಳಬರ ಮದ್ದು ಪೆನ್ಸಿಲ್. ತಮ್ಮ ಸರದಿಗೆ ಮುಂಚೆ ಯಾವ ವಾದ್ಯ ಏನು ನುಡಿಸುತ್ತದೆ ಎಂದು ಸ್ವರಲಿಪಿಯ ಅಂಚಿನಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಎಣಿಕೆ ತಪ್ಪಿದರೂ ಕಿವಿ ದಾರಿ ತೋರಿಸುತ್ತದೆ.

ಭಯದಲ್ಲೇ ಅಭ್ಯಾಸ

ಮನೆಯಲ್ಲಿ ನಿರಾಳವಾಗಿ ನೂರು ಸಲ ನುಡಿಸಿದ್ದು ವೇದಿಕೆಯಲ್ಲಿ ಕೈಕೊಡುವುದುಂಟು, ಏಕೆಂದರೆ ದೇಹದ ಆ ಸ್ಥಿತಿಯಲ್ಲಿ ಅದನ್ನು ಒಮ್ಮೆಯೂ ನುಡಿಸಿರುವುದಿಲ್ಲ. ಆ ಸ್ಥಿತಿಯನ್ನು ಬೇಕೆಂದೇ ತಂದುಕೊಳ್ಳಬಹುದು. ಮೆಟ್ಟಿಲು ಹತ್ತಿಳಿದು, ಏದುಸಿರು ಬಿಡುತ್ತಲೇ ಕುಳಿತು, ಕಷ್ಟದ ಭಾಗವನ್ನು ಒಂದೇ ಸಲ ನುಡಿಸಿ, ತಪ್ಪಾದರೂ ನಿಲ್ಲಿಸಬೇಡಿ. ಫೋನಿನಲ್ಲಿ ಧ್ವನಿಮುದ್ರಿಸಿ. ಕಾರ್ಯಕ್ರಮದ ಬಟ್ಟೆ, ಬೂಟು ಹಾಕಿಕೊಂಡು ಮನೆಯವರ ಮುಂದೆ ನುಡಿಸಿ.

ವೇದಿಕೆಯ ಮೇಲೆ

ಉಸಿರನ್ನು ಒಳಗೆಳೆದುದಕ್ಕಿಂತ ನಿಧಾನವಾಗಿ ಹೊರಬಿಟ್ಟರೆ ಎದೆಬಡಿತ ತಗ್ಗುತ್ತದೆ. ಪಿಟೀಲಿನವರು ಕಮಾನನ್ನು ಗಾಳಿಯಿಂದ ಇಳಿಸದೆ, ಮೊದಲು ತಂತಿಯ ಮೇಲಿಟ್ಟು ಅದರ ಭಾರ ಅಲ್ಲಿ ನಿಂತ ಮೇಲೆ ಎಳೆದರೆ ಅದುರು ಕಡಿಮೆ. ಗಾಳಿವಾದ್ಯದವರು ಆ ಕೃತಿಯ ಲಯದಲ್ಲೇ ಉಸಿರೆಳೆದು, ಸ್ವರವನ್ನು ಮನಸ್ಸಿನಲ್ಲಿ ಹಾಡಿಕೊಂಡು ಶುರುಮಾಡಬೇಕು. ತನ್ನೊಡನೆ ತಾನು ಆಡುವ ಮಾತಿಗೂ ಬಲವಿದೆ. ಅಮೆರಿಕದ ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಡುವ ಮುನ್ನ 'ನನಗೆ ಉತ್ಸಾಹವಾಗಿದೆ' ಎಂದವರು 'ನನಗೆ ಆತಂಕವಾಗಿದೆ' ಎಂದವರಿಗಿಂತ ಚೆನ್ನಾಗಿ ಹಾಡಿದರು.

ಮಾತ್ರೆಯ ವಿಷಯ

ಪ್ರೊಪ್ರಾನೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆಗಳು ಅಡ್ರಿನಲಿನ್‌ನ ಪರಿಣಾಮ ತಡೆದು ನಡುಕ ಇಳಿಸುತ್ತವೆ. 1987ರಲ್ಲಿ ಅಮೆರಿಕದ ಸಿಂಫನಿ ವಾದಕರ ಸಮೀಕ್ಷೆಯಲ್ಲಿ ಶೇ. 27ರಷ್ಟು ಮಂದಿ ಇಂಥ ಮಾತ್ರೆ ಬಳಸಿದ್ದಾಗಿ ತಿಳಿಸಿದರು. ಆದರೆ ಅಸ್ತಮಾ ಇದ್ದವರಿಗೆ ಪ್ರೊಪ್ರಾನೊಲಾಲ್ ಅಪಾಯಕಾರಿ. ವೈದ್ಯರನ್ನು ಕೇಳದೆ ಯಾರೂ, ಅದರಲ್ಲೂ ಮಕ್ಕಳು, ಗೆಳೆಯರಿಂದ ಪಡೆದು ನುಂಗಬಾರದು.

ಹಿರಿಯರ ಪಾಲು

ಬೆಂಗಳೂರಿನಲ್ಲಿ ಪಾಶ್ಚಾತ್ಯ ಸಂಗೀತದ ಟ್ರಿನಿಟಿ ಗ್ರೇಡ್ ಪರೀಕ್ಷೆಗೆ ಸಿದ್ಧರಾಗುವ ಎಷ್ಟೋ ಮಕ್ಕಳಿಗೆ ಪರೀಕ್ಷಕರ ಕೋಣೆಯೇ ಮೊದಲ ವೇದಿಕೆ. ಅಂಕ ಬೀಳುವ ಕಡೆಯೇ ಮೊದಲ ಸಲ ಇನ್ನೊಬ್ಬರೆದುರು ನುಡಿಸಬೇಕಾದರೆ ಭಯ ಬೇರೂರುವುದು ಸಹಜ. ಪಾಠದ ಮನೆಯಲ್ಲಿ, ಅಪಾರ್ಟ್‌ಮೆಂಟಿನ ಸಭಾಂಗಣದಲ್ಲಿ, ನೆಂಟರ ನಡುವೆ ಆಗಾಗ ನುಡಿಸುವ ಸಣ್ಣ ಅವಕಾಶಗಳನ್ನು ಶಿಕ್ಷಕರು, ಪೋಷಕರು ಒದಗಿಸಬೇಕು. ಕಾರ್ಯಕ್ರಮ ಮುಗಿದ ಕೂಡಲೇ ತಪ್ಪು ಎಣಿಸಬಾರದು. ನಿದ್ದೆಗೆಡುವಷ್ಟು, ವಾದ್ಯವನ್ನೇ ಬಿಡುವಷ್ಟು ಭಯವಿದ್ದರೆ ಆಪ್ತಸಮಾಲೋಚಕರನ್ನು ಕಾಣಬೇಕು. ಯೋಚನೆಯ ರೀತಿಯನ್ನು ತಿದ್ದಿ, ಭಯ ಹುಟ್ಟಿಸುವ ಸನ್ನಿವೇಶಕ್ಕೆ ಹಂತಹಂತವಾಗಿ ಒಗ್ಗಿಸುವ ಚಿಕಿತ್ಸೆಯಿಂದ ಅನೇಕರು ಮತ್ತೆ ಧೈರ್ಯವಾಗಿ ವೇದಿಕೆ ಹತ್ತಿದ್ದಾರೆ.